ದುಂಡಪ್ಪ ಹೋದ

ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸರು ಕೆಲಸದ ನಡುವೆ ತಾವೇ ಹುಟ್ಟಿಸಿಕೊಂಡ ಮಾತುಗಳ ಮೇಲೆ ಮೇಘಶ್ರೀ ಪಿಎಚ್.ಡಿ. ಮಾಡುತ್ತಿದ್ದಳು. ಶುರುವಾಗಿ ನಾಲ್ಕು ವರ್ಷವಾಗಿತ್ತು. ಬೊಮ್ಮನಹಳ್ಳಿಯ ನಾಲ್ಕು ಫ್ಯಾಕ್ಟರಿಗಳ ಗೇಟಿನ ಮುಂದೆ ಊಟದ ಹೊತ್ತಿಗೆ ಹೋಗಿ ನಿಂತು, ಸಾಯಂಕಾಲ ಬಸ್‌ಸ್ಟಾಪಿನವರೆಗೆ ಅವರ ಜೊತೆ ನಡೆದು, ರಜೆಯ ದಿನ ಅವರ ಮನೆಗಳಲ್ಲಿ ಚಾಪೆಯ ಮೇಲೆ ಕೂತು ಅವಳು ಕೂಡಿಹಾಕಿದ ಮಾತುಗಳು ನೂರಾರಿದ್ದವು. ಫ್ಲೋರ್ ಮ್ಯಾನೇಜರು ಬಾಗಿಲಲ್ಲಿ ಕಂಡರೆ ಅವರು ‘ಕುಕ್ಕರ್ ಇಟ್ರು’ ಎನ್ನುತ್ತಿದ್ದರು. ಆತ ಕೂಗಾಡತೊಡಗಿದರೆ ಬಾಯಿ ಬಿಡದೆ ಬೆರಳಲ್ಲೇ ಸೀಟಿ ಎಣಿಸುತ್ತಿದ್ದರು. ಭಾನುವಾರದ ಓವರ್‌ಟೈಮಿಗೆ ‘ಅತ್ತೆ ಮನೆ’ ಎಂದು ಹೆಸರು.

ಇವೆಲ್ಲದರಲ್ಲಿ ಮೇಘಶ್ರೀಗೆ ಬಲು ಪ್ರಿಯವಾಗಿದ್ದ ಮಾತು ‘ದುಂಡಪ್ಪ ಹೋದ’. ಮಶಿನ್ನಿನ ಅಡಿಯಲ್ಲಿ ಕೂರುವ ಪುಟ್ಟ ಬಾಬಿನ್ನಿನ ದಾರ ಮುಗಿದಾಗ ಹೆಂಗಸರು ಹೀಗೆನ್ನುತ್ತಿದ್ದರು. ಬಾಬಿನ್ ದುಂಡಗಿರುತ್ತದೆ, ಅದಕ್ಕೇ ದುಂಡಪ್ಪ. ಜೀವವಿಲ್ಲದ್ದನ್ನು ಮನೆಯ ಮನುಷ್ಯನನ್ನಾಗಿ ಮಾಡಿಕೊಳ್ಳುವ ಜನಪದರ ಕಲ್ಪನೆ ಇದು ಎಂದು ಅವಳು ಮೂರು ಪುಟ ಬರೆದಿದ್ದಳು. ಇಡೀ ಪ್ರಬಂಧದಲ್ಲಿ ಅವಳು ಮತ್ತೆ ಮತ್ತೆ ತೆಗೆದು ಓದಿಕೊಳ್ಳುತ್ತಿದ್ದದ್ದು ಆ ಮೂರು ಪುಟಗಳನ್ನೇ.

ಅವಳ ಮಾರ್ಗದರ್ಶಕಿ ಇಂದ್ರಾಣಿ ಮೇಡಂ ಜಯನಗರದ ಸಂಶೋಧನಾ ಕೇಂದ್ರವೊಂದರಲ್ಲಿದ್ದರು. ಒಂದು ಸೋಮವಾರ ಅವರು ಆ ಪುಟಗಳನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬರವಣಿಗೆ ಚೆನ್ನಾಗಿದೆ ಎಂದರು. ಆಮೇಲೆ ಕೇಳಿದರು:

“ಇದನ್ನ ನಿಂಗೆ ಮೊದ್ಲು ಯಾರು ಹೇಳಿದ್ದು? ಯಾವ ಫ್ಯಾಕ್ಟರಿ, ಯಾವತ್ತು?”

ಮೇಘಶ್ರೀ ನೋಡಿ ಹೇಳ್ತೀನಿ ಮೇಡಂ ಎಂದಳು. ನೋಡಲಿಕ್ಕೆ ಇಂಥದೇ ಎಂಬ ಜಾಗವಿಲ್ಲ ಎಂಬುದು ಆ ಕ್ಷಣದಲ್ಲೇ ಅವಳಿಗೆ ಗೊತ್ತಿತ್ತು. ಇನ್ನು ಇಪ್ಪತ್ತನಾಲ್ಕು ದಿನಕ್ಕೆ, ಗುರುವಾರ, ಮೂವರು ಸದಸ್ಯರ ಸಮಿತಿಯ ಮುಂದೆ ಅವಳ ಕೆಲಸದ ಪರಿಶೀಲನೆ ಇತ್ತು. ಹೊರಗಿನಿಂದ ಬರುವ ಸದಸ್ಯರು ಮೊದಲು ಕೇಳುವ ಪ್ರಶ್ನೆಯೇ ಇದು ಎಂದು ಇಂದ್ರಾಣಿ ಮೇಡಂ ಹೇಳಿ ಕಳಿಸಿದರು.

ಅವಳ ಟಿಪ್ಪಣಿಗಳು ಊರೆಲ್ಲ ಹರಡಿಕೊಂಡಿದ್ದವು. ಐದು ನೋಟ್‌ಬುಕ್ಕುಗಳಲ್ಲಿ ಅಷ್ಟು. ಬಸ್ ಟಿಕೆಟ್ಟು, ಹೋಟೆಲ್ ಬಿಲ್ಲು, ಮದುವೆ ಆಮಂತ್ರಣಗಳ ಹಿಂಬದಿಯಲ್ಲಿ ಅಷ್ಟು. ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡ ಸಂದೇಶಗಳು. ‘ಹೊಸ ಧ್ವನಿ ೧’ರಿಂದ ‘ಹೊಸ ಧ್ವನಿ ೬೧’ರವರೆಗೆ ಫೋನೇ ಹೆಸರಿಟ್ಟ ರೆಕಾರ್ಡಿಂಗುಗಳು. ವರ್ಷಕ್ಕೊಂದು ಹೊಸ ಆ್ಯಪ್ ಬೇರೆ ಹಾಕಿಕೊಂಡಿದ್ದಳು. ಪ್ರತಿ ಸಲವೂ ಮೊದಲೆರಡು ದಿನ ಯಾವ ವಿಷಯಕ್ಕೆ ಯಾವ ಬಣ್ಣ ಎಂದು ಆರಿಸುವುದರಲ್ಲಿ ಕಳೆದುಹೋಗುತ್ತಿತ್ತು. ಮೂರನೇ ವಾರದಲ್ಲಿ ಆ್ಯಪ್ ಮರೆತುಹೋಗುತ್ತಿತ್ತು.

ಮೂರು ದಿನ ಹುಡುಕಿದಳು. ದುಂಡಪ್ಪ ಸಿಗಲಿಲ್ಲ. ಬಿಟಿಎಂ ಲೇಔಟಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅವಳ ಜೊತೆಗಿದ್ದವಳು ಸ್ಪಂದನಾ. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಹಾಲ್ ತುಂಬ ಹರಡಿದ್ದ ಚೀಟಿಗಳನ್ನು ದಾಟಿಕೊಂಡು ಅಡುಗೆಮನೆಗೆ ಹೋಗಿ ಹೋಗಿ ಅವಳಿಗೆ ಸಾಕಾಗಿತ್ತು. ಗುರುವಾರ ಅವಳು ತನ್ನ ಲ್ಯಾಪ್‌ಟಾಪ್ ತಂದು, ತಾನು ದಿನವೂ ಬಳಸುವ ಟೆಕ್ಸ್ಟ್ ಎಡಿಟರ್ ತೆರೆದು ತೋರಿಸಿದಳು. ಬರೀ ಖಾಲಿ ಪುಟ, ಮಿಣುಗುಟ್ಟುವ ಒಂದು ಗೆರೆ.

“ಮಗಾ, ಇದ್ರಲ್ಲಿ ಅಕ್ಷರ ಬಿಟ್ರೆ ಏನೂ ಇರಲ್ಲ,” ಎಂದಳು. “ಬಣ್ಣ ಇಲ್ಲ, ಐಕಾನ್ ಇಲ್ಲ. ಬರೀತೀಯ, ಹುಡುಕ್ತೀಯ, ಸಿಗುತ್ತೆ. ಒಂದೇ ಫೈಲ್. ನಿನ್ನ ಪಿಎಚ್.ಡಿ. ಪೂರ್ತಿ ಇದ್ರಲ್ಲಿ ಹಾಕು.”

ಇಷ್ಟು ಸಪ್ಪೆಯಾದದ್ದು ತನ್ನನ್ನು ಕಾಪಾಡುತ್ತದೆಂದು ಮೇಘಶ್ರೀಗೆ ನಂಬಿಕೆ ಬರಲಿಲ್ಲ. ಆದರೂ ಹಾಕಬೇಕೆಂದರೆ ಹೇಗೆ ಹಾಕುವುದು, ಎಲ್ಲಿಂದ ಶುರುಮಾಡುವುದು? ಅದಕ್ಕೆ ಸ್ಪಂದನಾ ಹತ್ತಿರವೂ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಬೊಮ್ಮನಹಳ್ಳಿಯಲ್ಲಿ. ಶುಕ್ರವಾರ ಮೇಘಶ್ರೀ ಕೆಂಪಕ್ಕನ ಮನೆಗೆ ಹೋದಳು. ನಾಲ್ಕು ವರ್ಷದ ಹಿಂದೆ ಗೇಟಿನ ಮುಂದೆ ಅವಳ ಜೊತೆ ಮೊಟ್ಟಮೊದಲು ಮಾತಾಡಿದ್ದ ಹೆಂಗಸು ಕೆಂಪಕ್ಕ. ವಯಸ್ಸು ಐವತ್ತು ದಾಟಿತ್ತು. ಈಗ ಫ್ಯಾಕ್ಟರಿ ಬಿಟ್ಟು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ದುಂಡಪ್ಪನ ಮಾತು ಮೊದಲು ಹೇಳಿದವರು ನೀವೇನಾ ಎಂದು ಮೇಘಶ್ರೀ ಕೇಳಿದಳು. ಕೆಂಪಕ್ಕ ಬ್ಲೌಸಿನಿಂದ ತಲೆ ಎತ್ತದೆ ಅಲ್ಲವೆಂದಳು. ತಾನಿದ್ದದ್ದು ನಂಬರಿಂಗ್ ಸೆಕ್ಷನ್ನು, ಅಲ್ಲಿ ಬಾಬಿನ್ನೇ ಇಲ್ಲ ಎಂದಳು. ಹುಡುಗಿಯ ಮುಖ ನೋಡಿ ಮಶಿನ್ ನಿಲ್ಲಿಸಿ ಏನಾಯಿತೆಂದು ವಿಚಾರಿಸಿದಳು.

ಎಲ್ಲ ಕೇಳಿದ ಮೇಲೆ ಕೆಂಪಕ್ಕ ತನ್ನ ಹದಿನೈದು ವರ್ಷದ ಕೆಲಸವನ್ನು ವಿವರಿಸಿದಳು. ನೂರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಟ್ಟಿಗೇ ಕತ್ತರಿಸುತ್ತಾರೆ. ಕಾಲರಿನದೊಂದು ರಾಶಿ, ತೋಳಿನದೊಂದು ರಾಶಿ, ಬೆನ್ನಿನದೊಂದು. ನೋಡಲು ಎಲ್ಲ ಒಂದೇ ನೀಲಿ. ಆದರೆ ಪದರದಿಂದ ಪದರಕ್ಕೆ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಅದಕ್ಕೆ ಪ್ರತಿಯೊಂದು ತುಂಡಿಗೂ ಉಗುರಿನಷ್ಟು ಗಾತ್ರದ ಸ್ಟಿಕ್ಕರ್ ಅಂಟಿಸಿ ನಂಬರ್ ಹಾಕುವುದು.

“ಹದಿನಾಲ್ಕನೇ ಕಾಲರ್‌ಗೆ ಹದಿನಾಲ್ಕನೇ ಬೆನ್ನೇ ಬರ್ಬೇಕು. ನಂಬರ್ ಇಲ್ದಿರೋ ತುಂಡು ಎಷ್ಟು ಚೆನ್ನಾಗಿದ್ರೂ ನಾವು ಹೊಲಿಯೋ ಲೈನ್‌ಗೆ ಬಿಡ್ತಿರ್ಲಿಲ್ಲ ಕಣಮ್ಮ. ನಿನ್ನ ಚೀಟಿಗೆ ನಂಬರೇ ಇಲ್ವಲ್ಲ.”

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಕೆಂಪಕ್ಕ ಬಿಟಿಎಂ ಲೇಔಟಿನ ಫ್ಲ್ಯಾಟಿಗೆ ಬಂದಳು. ಕೈಯಲ್ಲಿ ಸ್ಟಿಕ್ಕರ್ ರೋಲುಗಳ ಚೀಲ. ಬಂದವಳೇ ಹಾಲ್ ಕಡೆಗೊಮ್ಮೆ ನೋಡಿ, ಸೋಫಾವನ್ನು ಗೋಡೆಗೆ ತಳ್ಳಿಸಿ, ಬೆಡ್‌ಶೀಟ್ ಹಾಸಿಸಿ, ಎಲ್ಲ ಚೀಟಿಗಳನ್ನೂ ಅದರ ಮೇಲೆ ಸುರಿಸಿದಳು. ನೋಟ್‌ಬುಕ್ಕಿನ ಒಂದೊಂದು ಟಿಪ್ಪಣಿಯೂ ಒಂದೊಂದು ತುಂಡು. ಒಂದು ತುಂಡಿಗೆ ಒಂದು ನಂಬರ್. ಕೆಂಪಕ್ಕ ಅಂಟಿಸಿ ಕೂಗುವುದು, ಮೇಘಶ್ರೀ ಎಡಿಟರಿನಲ್ಲಿ ಆ ನಂಬರ್ ಹಾಕಿ, ತಾರೀಕು, ಜಾಗ, ಹೇಳಿದವರ ಹೆಸರು, ಆಮೇಲೆ ಮಾತು ಎಂದು ಟೈಪ್ ಮಾಡುವುದು. ಸ್ಪಂದನಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರೆಕಾರ್ಡಿಂಗುಗಳನ್ನು ಕೇಳಿ ಅವಕ್ಕೂ ನಂಬರ್ ಕೊಡತೊಡಗಿದಳು.

ಕೆಂಪಕ್ಕ ಒಂದೇ ಒಂದು ನಿಯಮ ಹಾಕಿದ್ದಳು: ನಂಬರ್ ಹಾಕುವಾಗ ಓದುತ್ತ ಕೂರಬಾರದು. ಮೇಘಶ್ರೀ ಅದನ್ನು ಹತ್ತು ನಿಮಿಷಕ್ಕೊಮ್ಮೆ ಮುರಿದಳು. ಯಾವುದೋ ಚೀಟಿ ಕೈಗೆ ಬಂದರೆ ಅದನ್ನು ಹೇಳಿದ ಹೆಂಗಸು ನೆನಪಾಗಿ ನಗು ಬರುತ್ತಿತ್ತು, ಆ ಕತೆ ಇವರಿಬ್ಬರಿಗೂ ಹೇಳಬೇಕೆನ್ನಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಿಯಮ ಮಾಡಿದ ಕೆಂಪಕ್ಕನೇ ಒಂದು ಚೀಟಿ ಓದಿ, ಇದು ತಾನೇ ಹೇಳಿದ್ದು, ಆದರೆ ತಪ್ಪು ಬರೆದಿದ್ದೀಯ ಎಂದು ಅರ್ಧ ಗಂಟೆ ವಾದ ಮಾಡಿದಳು. ಆ ದಿನಕ್ಕೆ ಮುನ್ನೂರು ಆಯಿತು. ಮುಂದಿನ ಭಾನುವಾರ ಮಧ್ಯಾಹ್ನಕ್ಕೆ ಆರುನೂರ ಹನ್ನೆರಡಕ್ಕೆ ಬಂದು ನಿಂತಿತು.

ಚೀಟಿಗಳಲ್ಲಿ ಅಲ್ಲಲ್ಲಿ ಮಾತುಗಳ ಜೊತೆಗೆ ‘ಇದನ್ನು ಮಾಡಬೇಕು’, ‘ಅದನ್ನು ಕೇಳಬೇಕು’ ಎಂಬ ಬರಹಗಳೂ ಇದ್ದವು. ಅಂಥ ಪ್ರತಿ ಸಾಲಿನ ಮುಂದೆ ‘ಮಾಡು’ ಎಂದು ಹಾಕು, ಹುಡುಕಿದರೆ ಎಲ್ಲ ಒಂದೇ ಕಡೆ ಬರುತ್ತವೆ ಎಂದು ಸ್ಪಂದನಾ ಹೇಳಿಕೊಟ್ಟಿದ್ದಳು. ಎರಡನೇ ಭಾನುವಾರ ಸಂಜೆ ಅವಳೇ ಹುಡುಕಿ ನೋಡಿದಳು. ಒಂಬೈನೂರ ನಾಲ್ಕು ಸಿಕ್ಕವು. ಮಾಡುತ್ತಾರೆ, ಮಾಡುವಾಗ, ಮಾಡುವುದು, ಹಾಳುಮಾಡು ಎಲ್ಲ ಸೇರಿ ಬಂದಿದ್ದವು. ಮೂವರೂ ಬಿದ್ದು ಬಿದ್ದು ನಕ್ಕರು. ‘ಮಾಡು’ವಿನ ಮುಂದೆ ಎರಡು ಚುಕ್ಕೆ ಸೇರಿಸಿ ಸರಿಪಡಿಸಿದ ಮೇಲೆ ಐವತ್ತೇಳು ಸಾಲು ಉಳಿದವು.

ಸ್ಪಂದನಾ ಅವನ್ನು ಒಂದೊಂದಾಗಿ ಓದಿದಳು. ಮೊದಮೊದಲು ಪುಸ್ತಕದ ಕೆಲಸಗಳು ಬಂದವು: ಈ ಪದವನ್ನು ನಿಘಂಟಿನಲ್ಲಿ ನೋಡು, ಆ ಲೇಖನದ ಪ್ರತಿ ತರಿಸು. ಆಮೇಲೆ ಬೇರೆ ಥರದವು ಬರತೊಡಗಿದವು. ಇಂಥವರ ಮಗಳಿಗೆ ಪಿಯುಸಿ ಆದಮೇಲೆ ಯಾವ ಕೋರ್ಸು ಒಳ್ಳೆಯದೆಂದು ಕೇಳಿ ಹೇಳು. ಇವರ ಹೆಸರು ಎಲ್ಲೂ ಬರಬಾರದು, ಬದಲಿಸು. ಇವರ ಹೆಸರು ಬರಲೇಬೇಕು, ದೊಡ್ಡದಾಗಿ. ಚಿತ್ರಾನ್ನ ಕೊಟ್ಟ ಸ್ಟೀಲ್ ಡಬ್ಬಿ ವಾಪಸ್ ಕೊಡು. ಆ ಡಬ್ಬಿಯಲ್ಲಿ ಒಂದು ವರ್ಷದಿಂದ ಮೇಘಶ್ರೀ, ಸ್ಪಂದನಾ ಇಬ್ಬರೂ ಜೀರಿಗೆ ತುಂಬಿಸಿಟ್ಟುಕೊಂಡಿದ್ದರು.

ಐವತ್ತೇಳರಲ್ಲಿ ಇಪ್ಪತ್ತೆರಡು ಹೀಗೆ ಜನರಿಗೆ ಕೊಟ್ಟ ಮಾತುಗಳಾಗಿದ್ದವು. ಮೇಘಶ್ರೀ ಒಂದನ್ನೂ ನಡೆಸಿಕೊಟ್ಟಿರಲಿಲ್ಲ.

ಅವರಾಗಿ ಯಾರೂ ಮತ್ತೆ ಕೇಳಲಿಲ್ಲ, ಅದಕ್ಕೇ ಮರೆತುಹೋಯಿತು ಎಂದು ಮೇಘಶ್ರೀ ಸಣ್ಣ ದನಿಯಲ್ಲಿ ಹೇಳಿದಳು. ಕೆಂಪಕ್ಕ ಉಳಿದ ಸ್ಟಿಕ್ಕರ್‌ಗಳನ್ನು ಸುತ್ತುತ್ತಿದ್ದಳು.

“ಅವ್ರು ಕೇಳ್ಲಿಲ್ಲ ಅಂದ್ರೆ ಮರ್ತಿದ್ದಾರೆ ಅಂತ ಅಲ್ಲಮ್ಮ. ನೀನು ದೊಡ್ಡ ಓದು ಓದ್ತಿದ್ದೀಯ, ತೊಂದ್ರೆ ಕೊಡ್ಬಾರ್ದು ಅಂತ ಸುಮ್ನಿರ್ತಾರೆ.”

ದುಂಡಪ್ಪನ ಚೀಟಿಯೂ ಸಿಕ್ಕಿತ್ತು. ಇನ್ನೂರ ಏಳನೇ ನಂಬರು. ಒಂದು ಹೋಟೆಲ್ ಬಿಲ್ಲಿನ ಹಿಂದೆ ಪೆನ್ಸಿಲ್ಲಿನಲ್ಲಿ ‘ದುಂಡಪ್ಪ ಹೋದ = ಬಾಬಿನ್ ಖಾಲಿ’ ಎಂದಿತ್ತು. ಹೇಳಿದವರ ಹೆಸರಿರಲಿಲ್ಲ. ಆದರೆ ಅದೇ ಬಿಲ್ಲಿನ ಅಂಚಿನಲ್ಲಿ ಅಡ್ಡಲಾಗಿ ಇನ್ನೊಂದು ಸಾಲಿತ್ತು: ಶರಣಮ್ಮಗೆ ಫೋಟೋ ಪ್ರಿಂಟ್ ಹಾಕಿಸಿ ಕೊಡು. ತಾರೀಕು ಒಂದೂವರೆ ವರ್ಷದ ಹಿಂದಿನದು.

ಪರಿಶೀಲನೆಗೆ ಹನ್ನೊಂದು ದಿನ ಉಳಿದಿತ್ತು. ಮೇಘಶ್ರೀ ಪ್ರಬಂಧವನ್ನು ಮುಚ್ಚಿಟ್ಟು ಮಾರನೆಯ ದಿನದಿಂದ ಕೊಟ್ಟ ಮಾತುಗಳ ಹಿಂದೆ ಹೊರಟಳು. ಸ್ಟೀಲ್ ಡಬ್ಬಿಯನ್ನು ಬರಿದಾಗಿ ಕೊಡಬಾರದೆಂದು ಬಿಟಿಎಂ ಲೇಔಟಿನ ಅಂಗಡಿಯಿಂದ ಕೋಡುಬಳೆ ತುಂಬಿಸಿ ಕೊಟ್ಟಳು. ಪಿಯುಸಿ ಹುಡುಗಿ ಆಗಲೇ ಬಿಕಾಂ ಸೇರಿ ಎರಡನೇ ಸೆಮಿಸ್ಟರಿನಲ್ಲಿದ್ದಳು. ಅವಳ ತಾಯಿ, ನೀನು ಬಂದದ್ದೇ ಸಂತೋಷವೆಂದು, ಕೂರಿಸಿ ಊಟ ಹಾಕಿದಳು. ಹೆಸರು ಬರಬಾರದೆಂದಿದ್ದವಳು ಈಗ ಬಂದರೂ ಪರವಾಗಿಲ್ಲ ಎಂದಳು. ಒಂದೊಂದು ಮುಗಿದಂತೆ ಮೇಘಶ್ರೀ ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆರೆದು ‘ಮಾಡು’ವನ್ನು ‘ಮಾಡಿದೆ’ ಎಂದು ತಿದ್ದುತ್ತಿದ್ದಳು. ನಾಚಿಕೆಯಿಂದ ಶುರುವಾದ ಕೆಲಸ ಮೂರನೇ ದಿನಕ್ಕೆ ಅವಳಿಗೆ ಹಿತವಾಗತೊಡಗಿತು.

ಶನಿವಾರ ಸಂಜೆ ಶರಣಮ್ಮನ ಮನೆಗೆ ಹೋದಳು. ಅಂದು ತಾನೇ ಫೋನಿನಲ್ಲಿ ತೆಗೆದಿದ್ದ ಫೋಟೋವನ್ನು ಜಯನಗರ ನಾಲ್ಕನೇ ಬ್ಲಾಕಿನ ಸ್ಟುಡಿಯೋದಲ್ಲಿ ದೊಡ್ಡ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿದ್ದಳು. ಶರಣಮ್ಮ ಕಲಬುರಗಿ ಕಡೆಯವಳು. ಇಪ್ಪತ್ತು ವರ್ಷದಿಂದ ಬೊಮ್ಮನಹಳ್ಳಿಯಲ್ಲಿದ್ದರೂ ಮಾತು ಇನ್ನೂ ಅಲ್ಲಿಯದೇ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮಶಿನ್ನಿನ ಮೇಲೆ ಬಗ್ಗಿ ಹೊಲಿಯುತ್ತಿರುವ ತನ್ನನ್ನು ತಾನು ಯಾವತ್ತೂ ನೋಡಿಲ್ಲ ಎಂದಳು. ಆಮೇಲೆ ಟೀ ಇಟ್ಟಳು.

ಟೀ ಕುಡಿಯುತ್ತ ಮೇಘಶ್ರೀ ಚೀಟಿ ತೋರಿಸಿ, ದುಂಡಪ್ಪನ ಮಾತು ಹೇಳಿದವರು ನೀವೇನಾ ಎಂದು ಕೇಳಿದಳು. ಶರಣಮ್ಮ ಹೌದೆಂದಳು. ಆಗ ಮೇಘಶ್ರೀ ತಾನು ಬರೆದ ಮೂರು ಪುಟಗಳ ಸಾರವನ್ನು, ದುಂಡಗಿನ ಬಾಬಿನ್ನಿನ ಕಲ್ಪನೆಯನ್ನು, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಶರಣಮ್ಮ ಲೋಟ ಕೆಳಗಿಟ್ಟಳು.

“ದುಂಡಗದ ಅಂತ ಯಾರಂದ್ರಿ ನಿಮಗ? ದುಂಡಪ್ಪ ಅಂದ್ರ ಮನುಷ್ಯ. ನಮ್ಮ ಫ್ಯಾಕ್ಟರಿ ಮೆಕ್ಯಾನಿಕ್ ಇದ್ದ.”

ಶರಣಮ್ಮ ಕೈಯಲ್ಲಿ ಬಟ್ಟೆ ಹಿಡಿದಂತೆ ಮಾಡಿ ತೋರಿಸಿದಳು. ಬಾಬಿನ್ನಿನ ದಾರ ಮುಗಿಯುವುದು ಗೊತ್ತೇ ಆಗುವುದಿಲ್ಲ. ಮೇಲಿನ ದಾರ ಓಡುತ್ತಿರುತ್ತದೆ, ಸೂಜಿ ಕುಣಿಯುತ್ತಿರುತ್ತದೆ, ನಾವು ಹೊಲಿಯುತ್ತಲೇ ಇರುತ್ತೇವೆ. ಬಟ್ಟೆ ಎತ್ತಿ ನೋಡಿದರೆ ಒಂದು ಹೊಲಿಗೆಯೂ ಕಚ್ಚಿರುವುದಿಲ್ಲ. ದುಂಡಪ್ಪನೂ ಹಾಗೇ. ಸ್ಕ್ರೂಡ್ರೈವರ್ ಹಿಡಿದು ಇಲ್ಲೇ ನಿಂತಿರುತ್ತಿದ್ದ. ತಲೆ ಎತ್ತುವಷ್ಟರಲ್ಲಿ ಇಲ್ಲ. ಹೇಳದೆ ಕೇಳದೆ ಟೀ ಕುಡಿಯಲು ಹೋಗುತ್ತಿದ್ದ. ಅದಕ್ಕೇ ಆ ಮಾತು ಹುಟ್ಟಿತು.

ಆತ ಈಗೆಲ್ಲಿದ್ದಾನೆ ಎಂದು ಕೇಳಿದಾಗ, ಬದುಕಿದ್ದಾನೆ, ಜೆ.ಪಿ. ನಗರದಲ್ಲಿ ಹೊಲಿಗೆ ಮಶಿನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ, ನಾಳೆ ಭಾನುವಾರ ತಾನೂ ಬರುತ್ತೇನೆ ಎಂದಳು ಶರಣಮ್ಮ. ಆತನನ್ನು ನೋಡಿ ಹತ್ತು ವರ್ಷವಾಯಿತಂತೆ.

ಆ ರಾತ್ರಿ ಮೇಘಶ್ರೀ ತನ್ನ ಮೂರು ಪುಟಗಳನ್ನು ತೆಗೆದು ಓದಿದಳು. ವಾಕ್ಯಗಳು ಈಗಲೂ ಚೆನ್ನಾಗಿದ್ದವು. ಒಂದಕ್ಕೂ ಹುರುಳಿರಲಿಲ್ಲ. ಅಳು ಬಂದಂತಾಗಿ, ಬಾರದೆ, ಕೊನೆಗೆ ನಿದ್ದೆ ಬಂತು.

ಭಾನುವಾರ ಹನ್ನೊಂದು ಗಂಟೆಗೆ ಇಬ್ಬರೂ ಜೆ.ಪಿ. ನಗರದ ಅಂಗಡಿ ಮುಟ್ಟಿದರು. ಒಂದು ಮಶಿನ್ನು, ಒಬ್ಬ ಮನುಷ್ಯ ಹಿಡಿಸುವಷ್ಟೇ ಜಾಗ. ಎಪ್ಪತ್ತರ ಆಸುಪಾಸಿನ, ಬಿಳಿ ಮೀಸೆಯ ದುಂಡಪ್ಪ ಹಳೆಯ ಕಾಲ್ತುಳಿ ಮಶಿನ್ನಿಗೆ ಎಣ್ಣೆ ಬಿಡುತ್ತಿದ್ದ. ಹೆಸರಿಗೆ ತಕ್ಕಂತೆ ದುಂಡಗೇನೂ ಇರಲಿಲ್ಲ, ಕಡ್ಡಿಯಂತಿದ್ದ. ಶರಣಮ್ಮನ ಗುರುತು ಹತ್ತಲು ಅರ್ಧ ನಿಮಿಷ ಬೇಕಾಯಿತು; ಹತ್ತಿದ ಮೇಲೆ ಪಕ್ಕದ ಅಂಗಡಿಯಿಂದ ಎರಡು ಸ್ಟೂಲು ತರಿಸಿದ.

ಮೇಘಶ್ರೀ ವಿಷಯ ಹೇಳಿದಳು. ತನ್ನ ಹೆಸರು ಒಂದು ಮಾತಾಗಿದೆ ಎಂಬುದು ಆತನಿಗೆ ಗೊತ್ತೇ ಇರಲಿಲ್ಲ. ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಕೇಳಿದ. ಬೈಗುಳವಾಗಿ ಅನ್ನುತ್ತಾರೇನು ಎಂದು ವಿಚಾರಿಸಿದ. ನಿಮ್ಮನ್ನಲ್ಲ, ದಾರವನ್ನು ಬೈಯುವುದು ಎಂದು ಶರಣಮ್ಮ ಸಮಾಧಾನ ಹೇಳಿದಳು. ಎಷ್ಟು ಕಡೆ ಅನ್ನುತ್ತಾರೆ ಎಂದು ಆತ ಮತ್ತೆ ಕೇಳಿದ. ನಾಲ್ಕು ಫ್ಯಾಕ್ಟರಿಯಲ್ಲಿ ತಾನೇ ಕೇಳಿದ್ದೇನೆ ಎಂದಳು ಮೇಘಶ್ರೀ. ದುಂಡಪ್ಪ ಡಬ್ಬಿ ಕೆಳಗಿಟ್ಟ.

“ನಾ ಕೆಲಸ ಮಾಡಿದ್ದು ಒಂದರಾಗಷ್ಟೇ. ಹಂಗಾರ ನಾ ಹೋಗದ ಕಡೀಗೂ ಹೋಗೇನಿ ಅಂದಂಗಾತು.”

ಹೇಳಿ ಅವನು ನಗತೊಡಗಿದ. ನಗು ಕೆಮ್ಮಿಗೆ ತಿರುಗಿ, ಕಣ್ಣಲ್ಲಿ ನೀರು ಬಂದು, ಬನಿಯನ್ನಿನ ತೋಳಿನಿಂದ ಒರೆಸಿಕೊಂಡ. ಮೇಘಶ್ರೀ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ಹೇಳದೆ ಟೀಗೆ ಹೋಗುತ್ತಿದ್ದದ್ದು ನಿಜವೇ ಎಂದು ಕೇಳಿದಾಗ ಮಾತ್ರ ಆತ ಗಂಭೀರನಾದ. ಟೀ ತಾನು ಕುಡಿಯುವುದೇ ಇಲ್ಲ ಎಂದ. ಹೋಗುತ್ತಿದ್ದದ್ದು ಗೇಟಿಗೆ. ವಾಚ್‌ಮನ್ ಹತ್ತಿರ ರೇಡಿಯೋ ಇತ್ತು, ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ಮ್ಯಾಚ್ ಇದ್ದ ದಿನ ಸ್ಕೋರ್ ಕೇಳಿ ಬರುತ್ತಿದ್ದ, ಅಷ್ಟೇ.

“ಮತ್ತ ಹೇಳೇ ಹೋಗ್ತಿದ್ದೆ. ‘ಬಂದೆ’ ಅಂತ ಈಕೀಗೇ ಹೇಳ್ತಿದ್ದೆ. ಮಶಿನ್ ಸಪ್ಪಳದಾಗ ಈಕೀಗೆ ಕೇಳಸ್ತಿದ್ದಿಲ್ಲ.”

ಶರಣಮ್ಮ ಒಪ್ಪಲಿಲ್ಲ. ಒಂದು ದಿನವೂ ಹೇಳಿಲ್ಲ ಎಂದಳು. ಇಬ್ಬರೂ ಇಪ್ಪತ್ತು ವರ್ಷದ ಹಿಂದಿನ ಒಂದೊಂದು ದಿನವನ್ನು ಎತ್ತಿ ತೋರಿಸುತ್ತ ಜಗಳಕ್ಕೆ ಕೂತರು. ಪಕ್ಕದ ಅಂಗಡಿಯವರೂ ಬಂದು ನಿಂತರು. ಮೇಘಶ್ರೀ ಯಾರ ಪಕ್ಷವನ್ನೂ ವಹಿಸದೆ ಟೈಪ್ ಮಾಡಿದಳು: ಶರಣಮ್ಮನ ಮಾತು ಆರುನೂರ ಹದಿಮೂರು, ದುಂಡಪ್ಪನ ಮಾತು ಆರುನೂರ ಹದಿನಾಲ್ಕು. ಹೊರಡುವಾಗ ದುಂಡಪ್ಪ ತನ್ನ ಹೆಸರು ಪುಸ್ತಕದಲ್ಲಿ ಬರುವುದಾದರೆ ಕ್ರಿಕೆಟ್ಟಿನ ಸಂಗತಿಯೂ ಬರಲಿ, ಟೀ ಎಂದು ಹಾಕಬಾರದು ಎಂದು ಕೇಳಿಕೊಂಡ. ಅವನ ಎದುರಿಗೇ ಅವಳು ‘ಮಾಡು’ ಎಂದು ಹೊಸ ಸಾಲೊಂದನ್ನು ಬರೆದು ಓದಿ ಹೇಳಿದಳು.

ಗುರುವಾರ ಮೇಘಶ್ರೀ ಲ್ಯಾಪ್‌ಟಾಪ್ ಹಿಡಿದು ಸಮಿತಿಯ ಮುಂದೆ ಕೂತಳು. ಹೊರಗಿನಿಂದ ಬಂದ ಹಿರಿಯರು ಆ ಮೂರು ಪುಟಗಳನ್ನೇ ತೆಗೆದು, ತುಂಬ ಸೊಗಸಾಗಿದೆ, ಇದಕ್ಕೆ ಆಧಾರವೇನು ಎಂದು ಕೇಳಿದರು. ಅವಳು ಫೈಲ್ ತೆರೆದು ಪರದೆಯ ಮೇಲೆ ತೋರಿಸಿ, ಇನ್ನೂರ ಏಳನೇ ಟಿಪ್ಪಣಿ, ಇಂಥ ದಿನ, ಇಂಥವರು ಹೇಳಿದ್ದು ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

“ಆದ್ರೆ ನಾನು ಬರ್ದಿರೋ ಅರ್ಥ ತಪ್ಪು ಸಾರ್. ದುಂಡಪ್ಪ ಅನ್ನೋರು ಜೆ.ಪಿ. ನಗರದಲ್ಲಿದ್ದಾರೆ. ಹೋದ ಭಾನುವಾರ ಮಾತಾಡ್ಸಿಕೊಂಡು ಬಂದೆ.”

ಅವಳು ಆರುನೂರ ಹದಿಮೂರನ್ನೂ ಹದಿನಾಲ್ಕನ್ನೂ ಓದಿದಳು. ಕ್ರಿಕೆಟ್ಟಿನ ಭಾಗಕ್ಕೆ ಬರುವಷ್ಟರಲ್ಲಿ ಹಿರಿಯರು ನಗುತ್ತಿದ್ದರು. ಆ ಮೂರು ಪುಟಗಳನ್ನು ಅಳಿಸಬೇಡಿ, ತಪ್ಪು ಹೇಗಾಯಿತು, ಹೇಗೆ ಗೊತ್ತಾಯಿತು ಎಂಬುದನ್ನೂ ಸೇರಿಸಿ ಬರೆಯಿರಿ, ಆ ಅಧ್ಯಾಯವೇ ನಿಮ್ಮ ಪ್ರಬಂಧದ ಜೀವ ಎಂದರು. ಬರೆದು ಮುಗಿಸಲು ಆರು ತಿಂಗಳು ಹೆಚ್ಚು ಕೊಟ್ಟರು. ಅವಳು ಹೊರಗೆ ಬಂದು ಮೊದಲು ಕೆಂಪಕ್ಕನಿಗೆ ಫೋನ್ ಮಾಡಿದಳು, ಆಮೇಲೆ ಹಿರಿಯೂರಿನಲ್ಲಿದ್ದ ಅಪ್ಪನಿಗೆ.

ಇಂದ್ರಾಣಿ ಮೇಡಂ ಅವಳನ್ನು ಕಾರಿಡಾರಿನ ಕೊನೆಗೆ ಕರೆದುಕೊಂಡು ಹೋದರು. ಹೊಗಳುತ್ತಾರೆಂದು ಅವಳಂದುಕೊಂಡಿದ್ದಳು. ಅವರು ಕೇಳಿದ್ದು ಬೇರೆ: ನಂಬರ್ ಹಾಕಿದ ಆ ಹೆಂಗಸು ನಮ್ಮ ಮನೆಗೂ ಬರುತ್ತಾರಾ? ಮೂವತ್ತು ವರ್ಷ ಹಳ್ಳಿ ಹಳ್ಳಿ ಸುತ್ತಿ ಅವರು ಹೊಲಗಳ ಹೆಸರುಗಳನ್ನು ಕೂಡಿಸಿದ್ದರು. ಪುಸ್ತಕ ಮಾತ್ರ ಬರೆಯಲಾಗಿರಲಿಲ್ಲ. ಯಾರು, ಎಲ್ಲಿ, ಯಾವಾಗ ಹೇಳಿದ್ದು ಎಂಬುದು ಅವರಿಗೇ ಸಿಗುತ್ತಿರಲಿಲ್ಲ. ಅದನ್ನು ಅವರು ಈವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಮೇಘಶ್ರೀಯೂ ಕೆಂಪಕ್ಕನೂ ಯಡಿಯೂರು ಕೆರೆಯ ಹಿಂದಿನ ರಸ್ತೆಯ ಮನೆಗೆ ಹೋದರು. ಇಂದ್ರಾಣಿ ಮೇಡಂ ಕೋಣೆಯ ಬೀರುವಿನ ಬಾಗಿಲು ತೆಗೆದರು. ಮೇಲಿನಿಂದ ಕೆಳಗಿನವರೆಗೆ ಸೀರೆಯ ಡಬ್ಬಿಗಳು, ಡಬ್ಬಿಗಳ ತುಂಬ ಚೀಟಿಗಳು. ಕೆಂಪಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಇದಕ್ಕೆ ಒಂದು ವರ್ಷ ಬೇಕು ಮೇಡಂ ಎಂದಳು. ಇಂದ್ರಾಣಿ ಮೇಡಂ ಮೂವರಿಗೂ ಕಾಫಿ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಎಲ್ಲಕ್ಕಿಂತ ಮೇಲಿನ ಡಬ್ಬಿಯನ್ನು ತಾವೇ ಇಳಿಸಿ ನೆಲದ ಮೇಲೆ ಕೂತರು. ಸಂಜೆ ಕೆರೆಯ ಕಡೆ ವಾಕಿಂಗಿಗೆ ಹೋಗುವವರ ಸದ್ದು ಕೇಳತೊಡಗುವ ಹೊತ್ತಿಗೆ ಎಂಬತ್ತೆರಡು ಚೀಟಿಗಳಿಗೆ ನಂಬರ್ ಬಿದ್ದಿತ್ತು.